ಬೈಯುವುದು ನಿಂತ ಮೇಲೆ ಫಿಶಿಂಗ್ ಹತೋಟಿಗೆ ಬಂತು: ನನ್ನ ಅನುಭವ

ಪೀಣ್ಯದ ಮೂರು ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ಮತ್ತು ಮೇಲ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೂರೂ ಸೇರಿ ಸುಮಾರು 70 ಮೇಲ್‌ಬಾಕ್ಸ್‌ಗಳಿವೆ. 2023ರ ಕೊನೆಯಲ್ಲಿ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ಮೇಡಂ ಒಬ್ಬರು, ಮೇಲ್‌ಬಾಕ್ಸ್ ತುಂಬಿದೆ, ಖಾತೆಯನ್ನು ದೃಢಪಡಿಸಿ ಎಂಬ ಫಿಶಿಂಗ್ ಮೇಲ್, ಅಂದರೆ ಪಾಸ್‌ವರ್ಡ್ ಕದಿಯಲು ಕಳಿಸುವ ಮೋಸದ ಮೇಲ್ ನಂಬಿ ಪಾಸ್‌ವರ್ಡ್ ಕೊಟ್ಟರು. ಐದೇ ನಿಮಿಷದಲ್ಲಿ ಅವರಿಗೆ ಅನುಮಾನ ಬಂದಿತ್ತು. ಆದರೆ ಹಿಂದಿನ ತಿಂಗಳಷ್ಟೇ ಇಂಥದೇ ತಪ್ಪು ಮಾಡಿದ ಸ್ಟೋರ್ಸ್‌ನ ಹುಡುಗನನ್ನು ನಾನು ಎಲ್ಲರ ಎದುರು ಗದರಿಸಿದ್ದನ್ನು ಅವರು ಕಂಡಿದ್ದರಿಂದ, ಒಂಬತ್ತು ದಿನ ಬಾಯಿ ಬಿಡಲಿಲ್ಲ.

ಆ ಒಂಬತ್ತು ದಿನಗಳಲ್ಲಿ ಕಳ್ಳನು ಅವರ ಮೇಲ್‌ಬಾಕ್ಸ್‌ನಲ್ಲಿ ಒಂದು ರೂಲ್ ಬರೆದಿಟ್ಟು, ಹಣ ಪಾವತಿಯ ಮಾತಿದ್ದ ಮೇಲ್‌ಗಳೆಲ್ಲ ಯಾರೂ ತೆರೆಯದ ಆರ್‌ಎಸ್‌ಎಸ್ ಫೀಡ್ಸ್ ಎಂಬ ಫೋಲ್ಡರಿಗೆ ಹೋಗುವಂತೆ ಮಾಡಿದ್ದನು. ಬಳಿಕ ಕೊಯಮತ್ತೂರಿನ ಗ್ರಾಹಕರೊಡನೆ ನಡೆಯುತ್ತಿದ್ದ ವ್ಯವಹಾರದ ನಡುವೆಯೇ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಉತ್ತರ ಬರೆದನು. ಮೇಲ್ ನಮ್ಮದೇ ಖಾತೆಯಿಂದ ಹೋಗಿದ್ದರಿಂದ, ಕಳಿಸಿದವರ ವಿಳಾಸ ಅಸಲಿಯೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಸರಿಯಾಗಿಯೇ ಇದ್ದವು. ನಾಲ್ಕು ಲಕ್ಷ ಇಪ್ಪತ್ತು ಸಾವಿರದಷ್ಟು ಹಣ ಹೋಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ನಾವು ಕರೆ ಮಾಡುವ ಹೊತ್ತಿಗೆ ತಡವಾಗಿತ್ತು. ಸುಮಾರು 60 ಸಾವಿರವನ್ನು ಮಾತ್ರ ತಡೆಹಿಡಿಯಲು ಸಾಧ್ಯವಾಯಿತು.

ಆಮೇಲೆ ಒಂದು ವರ್ಷ ನಾನು ಮಾಡಿದ್ದೆಲ್ಲ ದುಡ್ಡು ಸುರಿಯುವ ಕೆಲಸ. ವರ್ಷಕ್ಕೆ ಹೆಚ್ಚು ಕಡಿಮೆ 1.4 ಲಕ್ಷದ ಫಿಲ್ಟರ್ ಕೊಂಡೆವು. ಅದು ಕಚ್ಚಾ ಮೋಸಗಳನ್ನು ಹಿಡಿಯಿತು. ಆದರೆ ಪಿಡಿಎಫ್‌ನೊಳಗಿನ ಕ್ಯೂಆರ್ ಕೋಡ್‌ಗಳು ಮತ್ತು ಹೆಸರಾಂತ ಫಾರ್ಮ್ ಸೇವೆಗಳಲ್ಲಿ ಕಟ್ಟಿದ ನಕಲಿ ಲಾಗಿನ್ ಪುಟಗಳು ದಾಟಿ ಬರುತ್ತಲೇ ಇದ್ದವು. 35 ಸಾವಿರ ಕೊಟ್ಟು ಏರ್ಪಡಿಸಿದ ಒಂದು ದಿನದ ತರಬೇತಿಯಲ್ಲಿ ಕಾಗುಣಿತದ ತಪ್ಪು ಹುಡುಕುವುದನ್ನು ಕಲಿಸಿದರು. ಈಗಿನ ಮೋಸದ ಮೇಲ್‌ಗಳಲ್ಲಿ ಕಾಗುಣಿತ ನಮ್ಮ ಪತ್ರಗಳಿಗಿಂತ ಚೆನ್ನಾಗಿರುತ್ತದೆ. 2024ರ ದೀಪಾವಳಿಗೆ ಮುಂಚೆ ನಾನೇ ಬೋನಸ್ ಪಟ್ಟಿಯ ಹೆಸರಿನಲ್ಲಿ ಅಣಕು ಫಿಶಿಂಗ್ ಕಳಿಸಿ, ಲಿಂಕ್ ಒತ್ತಿದ ಮೂವತ್ತು ಚಿಲ್ಲರೆ ಮಂದಿಯ ಹೆಸರನ್ನು ಮಾಲೀಕರಿಗೆ ಕೊಟ್ಟದ್ದು ನಾನು ಮಾಡಿದ ಅತಿ ದೊಡ್ಡ ತಪ್ಪು. ಹಬ್ಬದ ಬೋನಸ್ಸಿಗೆ ಕಾದಿದ್ದವರ ಮನಸ್ಸು ಮುರಿಯಿತು, ಅನುಮಾನದ ಮೇಲ್ ತೋರಿಸಲು ನನ್ನ ಬಳಿಗೆ ಬರುವವರೇ ಇಲ್ಲವಾದರು.

2025ರ ಜನವರಿಯಲ್ಲಿ ದಾರಿ ಬದಲಿಸಿದೆ. ಅನುಮಾನದ ಮೇಲ್‌ಗಳಿಗೆಂದೇ ಒಂದು ವಿಳಾಸ ತೆರೆದೆ. ಮೇಲ್ ಎಲ್ಲಿಂದ ಬಂತೆಂದು ತೋರಿಸುವ ಹೆಡರ್ ಉಳಿಯಬೇಕಾದ್ದರಿಂದ ಮೇಲನ್ನು ಫಾರ್ವರ್ಡ್ ಮಾಡದೆ ಅಟ್ಯಾಚ್‌ಮೆಂಟ್ ಆಗಿ ಕಳಿಸುವುದನ್ನು ಒಬ್ಬೊಬ್ಬರ ಮೇಜಿನ ಬಳಿ ಕುಳಿತು ಕಲಿಸಿದೆ. ಕಳಿಸಿದವರಿಗೆ ಕಾಲು ಗಂಟೆಯೊಳಗೆ ಉತ್ತರ ಕೊಡುತ್ತೇನೆ, ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೂ ಹೆಸರು ಮಾಲೀಕರವರೆಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ದಂಡ ಹಾಕಿದರೆ ತಾವಾಗಿ ಕಲಿಯುತ್ತಾರೆ ಎಂದು ಮಾಲೀಕರೊಬ್ಬರು ವಾದಿಸಿದರು. ಇದೇ ಕಸುಬಿನ ನನ್ನ ಇಬ್ಬರು ಗೆಳೆಯರಂತೂ ಇದು ಅತಿ ಸಲುಗೆಯೆಂದೂ, ಬರುವ ಹತ್ತರಲ್ಲಿ ಏಳು ಮೇಲ್‌ಗಳು ನಿಜವಾದವೇ ಆಗಿದ್ದು ಸಮಯ ಹಾಳೆಂದೂ ಹೇಳಿದರು. ಹತ್ತರಲ್ಲಿ ಏಳು ಎಂಬುದು ಸರಿಯೇ ಇತ್ತು. ಮೊದಲ ತಿಂಗಳು ಹನ್ನೊಂದು ಮೇಲ್ ಬಂದವು. ಜೂನ್ ವೇಳೆಗೆ ತಿಂಗಳಿಗೆ ತೊಂಬತ್ತರ ಹತ್ತಿರ.

ಆಗಸ್ಟಿನಲ್ಲಿ ಪರೀಕ್ಷೆ ಬಂತು. ಡಿಸ್‌ಪ್ಯಾಚ್ ವಿಭಾಗದವರೊಬ್ಬರು ಪಾಸ್‌ವರ್ಡನ್ನೂ ಓಟಿಪಿಯನ್ನೂ ನಕಲಿ ಪುಟಕ್ಕೆ ಕೊಟ್ಟು, ನಾಲ್ಕು ನಿಮಿಷದಲ್ಲಿ ನನಗೆ ಕರೆ ಮಾಡಿ, "ಸಾರ್, ಒತ್ತಿಬಿಟ್ಟೆ" ಎಂದರು. ನಾನು ಮೊದಲು ಎಲ್ಲ ಸಾಧನಗಳಲ್ಲಿ ತೆರೆದಿದ್ದ ಲಾಗಿನ್‌ಗಳನ್ನು, ಅಂದರೆ ಸೆಷನ್‌ಗಳನ್ನು ಕಡಿದು, ಅನಂತರ ಪಾಸ್‌ವರ್ಡ್ ಬದಲಿಸಿದೆ. ಪಾಸ್‌ವರ್ಡನ್ನಷ್ಟೇ ಬದಲಿಸಿದರೆ ಒಳಗೆ ಕುಳಿತವನು ಹೊರಗೆ ಹೋಗುತ್ತಾನೆಂಬ ಭರವಸೆ ಇಲ್ಲ. ಬಳಿಕ ಮೇಲ್ ರೂಲ್‌ಗಳು, ಹೊಸದಾಗಿ ಸೇರಿದ ಫೋನ್, ಅನುಮತಿ ಪಡೆದ ಆ್ಯಪ್‌ಗಳು, ಕಳಿಸಿದ ಮೇಲ್‌ಗಳು, ಈ ಕ್ರಮದಲ್ಲಿ ನೋಡಿದೆ. ವಿದೇಶದ ವಿಳಾಸವೊಂದರಿಂದ ಆಗಲೇ ಲಾಗಿನ್ ಆಗಿತ್ತು, ಒಂದು ರೂಲ್ ಕೂಡ ಅರ್ಧ ತಯಾರಾಗಿತ್ತು, ಆದರೆ ಒಂದು ಮೇಲ್ ಸಹ ಹೊರಗೆ ಹೋಗಿರಲಿಲ್ಲ. ಒಟ್ಟು ಹನ್ನೊಂದು ನಿಮಿಷ. ಅದೇ ಮೇಲ್ ಇನ್ನೂ ಹದಿನಾರು ಜನರಿಗೆ ಬಂದಿತ್ತು. ಅವರು ತೆರೆಯುವ ಮುಂಚೆಯೇ ತೆಗೆದುಹಾಕಿದೆ. ದಂಡದ ಮಾತಾಡಿದ್ದ ಮಾಲೀಕರು ಅಂದು ಸಂಜೆ ಲಾಗ್ ನೋಡಿ, ಉಳಿದ ಎರಡು ಕಾರ್ಖಾನೆಯವರಿಗೂ ತಾವೇ ಫೋನ್ ಮಾಡಿ ಹೇಳಿದರು. ಆ ಮಟ್ಟದ ವೇಗವನ್ನು ಈ ಸುತ್ತಿನ ದೊಡ್ಡ ಕಂಪನಿಗಳಲ್ಲೂ ನಾನು ಕಂಡಿಲ್ಲ.

ನಕಲಿ ಪುಟಗಳನ್ನು ಗುರುತಿಸುವ ವಿಷಯದಲ್ಲಿ ನನಗೆ ಫಲ ಕೊಟ್ಟದ್ದು, ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತುಂಬುವ ಪಾಸ್‌ವರ್ಡ್ ಮ್ಯಾನೇಜರ್. ಡೊಮೈನಿನಲ್ಲಿ, ಅಂದರೆ ಜಾಲತಾಣದ ವಿಳಾಸದಲ್ಲಿ, ಒಂದಕ್ಷರ ಬೇರೆಯಾದರೂ ಅದು ಪಾಸ್‌ವರ್ಡನ್ನು ತಾನಾಗಿ ತುಂಬುವುದಿಲ್ಲ. ತುಂಬದಿದ್ದರೆ ಕೈಯಿಂದ ಹಾಕಬೇಡಿ, ನನಗೆ ಫೋನ್ ಮಾಡಿ ಎಂಬ ಒಂದೇ ಮಾತು ತರಬೇತಿಗಿಂತ ಹೆಚ್ಚು ಕೆಲಸ ಮಾಡಿತು. ಬ್ಯಾಂಕ್‌ಗಳ ಜಾಲತಾಣಗಳು 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದು ಲೆಕ್ಕಪತ್ರದವರಿಗೆ ಇನ್ನೊಂದು ಸುಲಭದ ಗುರುತಾಯಿತು. ಖಾತೆ ಬದಲಾವಣೆಯ ಯಾವ ಮೇಲ್ ಬಂದರೂ, ಮೇಲ್‌ನಲ್ಲಿರುವ ಸಂಖ್ಯೆಯನ್ನು ಬಿಟ್ಟು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಹಳೆಯ ಸಂಖ್ಯೆಗೆ ಫೋನ್ ಮಾಡಿ ಕೇಳುತ್ತೇವೆ.

ನಡುವೆ ಡಿಮಾರ್ಕನ್ನು, ನಮ್ಮ ಹೆಸರಿನ ನಕಲಿ ಮೇಲ್‌ಗಳನ್ನು ಬರೀ ನೋಡುವ ಹಂತದಿಂದ ನೇರವಾಗಿ ತಿರಸ್ಕರಿಸುವ ಹಂತಕ್ಕೆ ಏರಿಸಿ ನೋಡಿದೆ. ಸಂಬಳದ ಚೀಟಿ ಕಳಿಸುವ ಹೊರಗಿನ ಸೇವೆಯನ್ನು ಎಸ್‌ಪಿಎಫ್‌ಗೆ ಸೇರಿಸಲು ಮರೆತಿದ್ದೆ, ಅದಕ್ಕೆ ಡಿಕಿಮ್ ಸಹಿಯೂ ಇರಲಿಲ್ಲ. ಎರಡು ದಿನ ಯಾರಿಗೂ ಚೀಟಿ ತಲುಪಲಿಲ್ಲ. ಸರಿಪಡಿಸಿದ ಮೇಲೆ ನಮ್ಮ ಹೆಸರಿನ ನಕಲು ನಿಂತಿತು, ಆದರೆ ಹೋಲುವ ಡೊಮೈನ್‌ಗಳಿಗೆ ಅದರಿಂದ ತಡೆಯಿಲ್ಲ. ಅದಕ್ಕಾಗಿ ಯಾರೂ ಬಳಸದ ಒಂದು ಹುಸಿ ಮೇಲ್‌ಬಾಕ್ಸ್ ಇಟ್ಟಿದ್ದೇನೆ. ಅದಕ್ಕೆ ಬಂದದ್ದನ್ನು ಕಂಡೇ ಎಷ್ಟೋ ದಾಳಿಗಳನ್ನು ಬೆಳಿಗ್ಗೆಯೇ ಹಿಡಿದಿದ್ದೇನೆ. ಅದರ ವಿಳಾಸವನ್ನು ಎಲ್ಲೆಲ್ಲಿ ಬಿಟ್ಟಿದ್ದೇನೆಂದು ಬರೆದರೆ ಉಪಯೋಗವೇ ಹೋಗುತ್ತದೆ, ಬರೆಯುವುದಿಲ್ಲ.

ಈ ವರ್ಷ ಫಿಲ್ಟರಿನ ಅಗ್ಗದ ಯೋಜನೆಗೆ ಇಳಿದು, ಉಳಿದ ಹಣದಲ್ಲಿ ಒಂದಕ್ಕೆ ಸುಮಾರು ಮೂರು ಸಾವಿರದಂತೆ ಹದಿನಾಲ್ಕು ಸೆಕ್ಯುರಿಟಿ ಕೀ (ಲಾಗಿನ್ ಮಾಡುವಾಗ ಬಳಸುವ ಸಣ್ಣ ಸಾಧನ) ಕೊಂಡಿದ್ದೇವೆ. ಮೊದಲನೆಯದನ್ನು ಲೆಕ್ಕಪತ್ರದ ಆ ಮೇಡಂಗೆ ಕೊಟ್ಟೆ. ಈಗ ಹೊಸದಾಗಿ ಸೇರಿದವರಿಗೆ ಮೊದಲ ದಿನ ಆ ಒಂಬತ್ತು ದಿನಗಳ ಕಥೆಯನ್ನು ಅವರೇ ಹೇಳುತ್ತಾರೆ.