ಮಾರುಕಟ್ಟೆ ಬಿದ್ದಾಗ ನಾನು ಮೊದಲು ನೋಡುವುದು ಸಾಲವನ್ನು

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಹದಿನೆಂಟು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಷೇರು ಆರಿಸುವ ಬುದ್ಧಿ ಬಂದದ್ದೂ ಅಲ್ಲಿಂದಲೇ. ತುಂಗಭದ್ರಾ ಡ್ಯಾಮಿನಲ್ಲಿ ನೀರು ಸಾಲದೆ ಎರಡನೇ ಬೆಳೆಗೆ ಕಾಲುವೆ ಬಿಡದ ವರ್ಷ ಮಿಲ್ಲುಗಳಿಗೆ ಭತ್ತ ಸಿಗುವುದಿಲ್ಲ. ಆಗ ಯಾವ ಮಿಲ್ಲಿಗೆ ಬೀಗ ಬೀಳುತ್ತದೆ, ಯಾವುದು ಉಳಿಯುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ದೊಡ್ಡ ಮಿಲ್ಲೇ ಉಳಿಯುತ್ತದೆ ಅಂತೇನಿಲ್ಲ. ಬ್ಯಾಂಕಿನ ಬಡ್ಡಿ ಯಾರಿಗೆ ಕಡಿಮೆಯೋ ಅವರು ಉಳಿಯುತ್ತಾರೆ.

ಇದು ಗೊತ್ತಿದ್ದೂ ಷೇರಿನಲ್ಲಿ ಮರೆತೆ. 2018ರಲ್ಲಿ ರಸ್ತೆ, ಸೇತುವೆ ಕಟ್ಟುವ ಒಂದು ಕಂಪನಿಯ ಷೇರನ್ನು 140 ರೂಪಾಯಿಗೆ ಕೊಂಡೆ. 90ಕ್ಕೆ ಇಳಿಯಿತು, ಅಗ್ಗ ಅಂತ ಮತ್ತೆ ಕೊಂಡೆ. 50ಕ್ಕೆ ಬಂದಾಗ ಇನ್ನೊಮ್ಮೆ. ಕೊನೆಗೆ 11ಕ್ಕೆ ಮಾರಿದೆ. ಮಗಳ ಕಾಲೇಜಿಗೆ ಅಂತ ಇಟ್ಟ ದುಡ್ಡು ಅದರಲ್ಲಿತ್ತು. ಆಮೇಲೆ ಕೂತು ನೋಡಿದರೆ, ಕಂಪನಿಯ ಮಾಲೀಕರು ತಮ್ಮ ಷೇರುಗಳಲ್ಲಿ ಮುಕ್ಕಾಲು ಪಾಲನ್ನು ಒತ್ತೆ ಇಟ್ಟು ಸಾಲ ತಂದಿದ್ದರು. ಬೆಲೆ ಬಿದ್ದರೆ ಸಾಲ ಕೊಟ್ಟವರು ಆ ಷೇರನ್ನೇ ಮಾರುತ್ತಾರೆ, ಮಾರಿದಷ್ಟೂ ಬೆಲೆ ಇನ್ನೂ ಬೀಳುತ್ತದೆ. ಒತ್ತೆಯ ಈ ವಿವರ ಮೂರು ತಿಂಗಳಿಗೊಮ್ಮೆ ಎನ್‌ಎಸ್‌ಇ, ಬಿಎಸ್‌ಇ ಷೇರುಪೇಟೆಗಳ ವೆಬ್‌ಸೈಟಿನಲ್ಲೇ ಬರುತ್ತದೆ. ನಾನು ತೆಗೆದು ನೋಡಿರಲಿಲ್ಲ.

ಅಂದಿನಿಂದ ಕ್ರಮ ಬದಲಾಯಿತು. ಎಷ್ಟು ಬಿದ್ದಿದೆ ಅಂತ ಕೊನೆಗೆ ನೋಡುತ್ತೇನೆ. ಮೊದಲು ಸಾಲ, ಒತ್ತೆ. ಆಮೇಲೆ ಬಡ್ಡಿ ಕಟ್ಟುವ ಮೊದಲಿನ ಲಾಭ ಬಡ್ಡಿಯ ಐದು ಪಟ್ಟಾದರೂ ಇದೆಯಾ ಅಂತ. ಹಾಗಿದ್ದರೆ ಲಾಭ ಅರ್ಧಕ್ಕೆ ಇಳಿದರೂ ಕಂಪನಿ ಉಸಿರಾಡುತ್ತದೆ.

ಜಾಸ್ತಿ ಹೊತ್ತು ಕೂರುವುದು ಕ್ಯಾಶ್ ಫ್ಲೋ, ಅಂದರೆ ನಗದು ಬಂದು ಹೋದ ಲೆಕ್ಕದ ಪುಟದ ಮೇಲೆ. ನಮ್ಮಲ್ಲಿ ಅಕ್ಕಿ ಲಾರಿ ಹೊರಟ ದಿನವೇ ಬಿಲ್ಲು ಬರೆಯುತ್ತೇವೆ, ಪುಸ್ತಕದಲ್ಲಿ ಲಾಭ ಬಂದಾಯಿತು. ದುಡ್ಡು ಬರುವುದು ಎರಡು ತಿಂಗಳಿಗೋ ಮೂರು ತಿಂಗಳಿಗೋ. ಕೆಲವು ಉದ್ರಿ ಬರುವುದೇ ಇಲ್ಲ. ಕಂಪನಿಗಳದ್ದೂ ಇದೇ ಕಥೆ ಅಲ್ವಾ? ಐದು ವರ್ಷದ ಒಟ್ಟು ಲಾಭ ಒಂದು ಕಡೆ, ವ್ಯಾಪಾರದಿಂದ ಕೈಗೆ ಬಂದ ಒಟ್ಟು ನಗದು ಇನ್ನೊಂದು ಕಡೆ ಬರೆಯುತ್ತೇನೆ. ನಗದು ತೀರಾ ಕಡಿಮೆ ಇದ್ದರೆ ಆ ಹೆಸರು ಹೊಡೆದು ಹಾಕುತ್ತೇನೆ. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅವುಗಳ ವ್ಯಾಪಾರವೇ ಸಾಲ. ಅವನ್ನು ನಾನು ಮುಟ್ಟುವುದಿಲ್ಲ.

ಸ್ಟೀಲ್ ಕಾರ್ಖಾನೆ ಇರುವ ತೋರಣಗಲ್ಲು ಹತ್ತಿರವೇ ಇರುವುದರಿಂದ ಸ್ಟೀಲ್ ಷೇರು ತಗೋ ಅಂತ ಹಲವರು ಹೇಳುತ್ತಾರೆ. ಸ್ಟೀಲಿನ ಬೆಲೆ ಏರಿದ ವರ್ಷ ಲಾಭ ಉಬ್ಬಿರುತ್ತದೆ, ಹಾಗಾಗಿ ಪಿಇ (ಷೇರಿನ ಬೆಲೆ ಒಂದು ಷೇರಿನ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ) ಕಡಿಮೆ ಕಾಣುತ್ತದೆ. ಅಗ್ಗ ಅನ್ನಿಸುವುದು ಆಗಲೇ. ಸ್ಟೀಲಿನ ಬೆಲೆ ಇಳಿದರೆ ಲಾಭವೂ ಇಳಿಯುತ್ತದೆ. ಆ ಏರಿಳಿತವನ್ನು ಅಳೆಯುವಷ್ಟು ನನಗೆ ತಿಳಿಯದು.

2020ರ ಫೆಬ್ರವರಿ ಕೊನೆಗೆ ನನ್ನ ನೋಟ್‌ಬುಕ್ಕಿನಲ್ಲಿ ಹನ್ನೆರಡು ಹೆಸರಿದ್ದವು. ಈ ಲೆಕ್ಕವೆಲ್ಲ ಹಾಕಿದ ಮೇಲೆ ಉಳಿದದ್ದು ಮೂರು. ಅದರಲ್ಲೊಂದು ಪಂಪ್‌ಸೆಟ್ ಕಂಪನಿ. ಮೋಟಾರ್ ವೈಂಡಿಂಗ್ ಮಾಡುವವರನ್ನು ಕೇಳಿದೆ, ಇವರ ಮೋಟಾರ್ ರಿಪೇರಿಗೆ ಬರುವುದೇ ಕಡಿಮೆ ಅಂದರು. ಬ್ಯಾಲೆನ್ಸ್ ಶೀಟಿನಲ್ಲಿ ಸಾಲ ಇಲ್ಲವೇ ಇಲ್ಲ ಅನ್ನುವಷ್ಟು.

ದುಡ್ಡನ್ನು ಮೂರು ಪಾಲು ಮಾಡಿದೆ. ಮಾರ್ಚ್ 13ರ ಬೆಳಿಗ್ಗೆ ಷೇರುಪೇಟೆಯ ಸೂಚ್ಯಂಕ ನಿಫ್ಟಿ 10 ಪರ್ಸೆಂಟ್ ಬಿದ್ದು 45 ನಿಮಿಷ ವ್ಯವಹಾರವೇ ನಿಂತಿತು. ಮತ್ತೆ ಶುರುವಾದ ಮೇಲೆ ಮೊದಲ ಪಾಲು ಹಾಕಿದೆ. 23ರಂದು ಇನ್ನೊಂದು ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಕುಸಿದು 25,981ಕ್ಕೆ ನಿಂತಿತು. ನಾನು ಕೊಂಡದ್ದೆಲ್ಲ ನಷ್ಟದಲ್ಲಿತ್ತು, ಕೈ ನಡುಗುತ್ತಿತ್ತು. "ಮತ್ತೆ ರಸ್ತೆ ಕಂಪನಿ ಥರ ಆಗಲ್ಲ ತಾನೇ?" ಅಂತ ಮನೆಯವಳು ಕೇಳಿದಳು. ನೋಟ್‌ಬುಕ್ ತೆಗೆದು ಸಾಲದ ಕಾಲಂ ತೋರಿಸಿದೆ. ಅವಳು ಓದಿ, ಸರಿ ಅಂದಳು. ಮರುದಿನ ಎರಡನೇ ಪಾಲು ಹಾಕಿದೆ.

ಮೂರನೇ ಪಾಲಿಗೆ ನಾನು ಬರೆದಿಟ್ಟ ಬೆಲೆ ಬರಲೇ ಇಲ್ಲ. ಅದನ್ನು ಎಫ್‌ಡಿ ಮಾಡಿದೆ. ಪಂಪ್‌ಸೆಟ್ ಷೇರು ಈಗಲೂ ನನ್ನ ಹತ್ತಿರ ಇದೆ. ವಾರ್ಷಿಕ ವರದಿ ಬಂದಾಗಲೆಲ್ಲ ಮೊದಲು ಸಾಲದ ಪುಟವನ್ನೇ ತೆರೆಯುತ್ತೇನೆ.