ಸತ್ತ ಮೇಲೆ ಎಲ್ಲಿಗೆ? ಅದನ್ನು ಮೊದಲು ತೀರ್ಮಾನಿಸಿ, ಅಲೈನ್‌ಮೆಂಟ್ ಆಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಆಟ. ಅದನ್ನು ಆಡಿಸಲು ಮೊದಲ ಸಲ ಕೂತಾಗ ನಾನು ಎಲ್ಲರ ಪಾತ್ರದ ಶೀಟಿನಲ್ಲೂ ಅಲೈನ್‌ಮೆಂಟ್ (ಪಾತ್ರ ಒಳ್ಳೆಯದೋ ಕೆಟ್ಟದ್ದೋ, ಕಟ್ಟುಪಾಡಿಗೆ ಬದ್ಧವೋ ಅಲ್ಲವೋ ಎಂಬ ಗುರುತು) ಅಂತ ಏನೋ ಒಂದು ಬರೆಸಿ ಮುಂದೆ ಹೋಗಿಬಿಟ್ಟಿದ್ದೆ. ಕಲಬುರಗಿಯ ಮೇ ತಿಂಗಳು, ಕರೆಂಟ್ ಇಲ್ಲ, ಮಾಳಿಗೆ ಮೇಲೆ ಐದು ಜನ. ಮೂರನೇ ಸೆಷನ್‌ನಲ್ಲಿ ಗೆಳೆಯನ ಪಾತ್ರ, ಧರ್ಮಕ್ಕೆ ಆಣೆ ಇಟ್ಟು ಹೋರಾಡುವ ಪಲಾಡಿನ್ ಎಂಬ ಯೋಧ, ಸತ್ತ. ಗೆಳೆಯ ಡೈಸ್ ಕೆಳಗಿಟ್ಟು ಕೇಳಿದ: "ಈಗ ನಾ ಎಲ್ಲಿಗಿ ಹೋದೆ?" ಸ್ವರ್ಗಕ್ಕೆ ಅಂದೆ. "ಯಾವ ಸ್ವರ್ಗ? ಯಾರ್ ಕಳಿಸಿದ್ರು? ಅಲ್ಲಿ ಏನದ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಹೇಳ್ತಿದ್ದೇನೆ, ಕೆಲಸವನ್ನು ಹಿಂದಿನಿಂದ ಶುರು ಮಾಡಿ. ನಿಮ್ಮ ಲೋಕದಲ್ಲಿ ಚಿತ್ರಗುಪ್ತನ ಕೆಲಸ ಯಾರದು? ಲೆಕ್ಕ ಬರೆಯುವವರು ಯಾರು, ಲೆಕ್ಕ ನೋಡಿ ಕಳಿಸುವವರು ಯಾರು, ಅಥವಾ ಲೆಕ್ಕವೇ ಇಲ್ಲವೋ?

ಆಟದ ಪುಸ್ತಕಗಳಲ್ಲಿ ಬರುವ ಸಿದ್ಧ ಲೋಕಗಳಲ್ಲಿ ಮೂರು ಬಗೆಯ ಉತ್ತರ ಸಿಗುತ್ತದೆ. ಮೊದಲನೆಯದರಲ್ಲಿ ಅಲೈನ್‌ಮೆಂಟ್ ಅಂದ್ರೆ ಪಿನ್ ಕೋಡ್ ಇದ್ದಂತೆ. 1974ರ ಮೂಲ ಆಟದಲ್ಲಿ ಲಾ (ಕಟ್ಟುಪಾಡು), ನ್ಯೂಟ್ರಾಲಿಟಿ (ಎರಡರ ನಡುವೆ), ಕೇಯಾಸ್ (ಅಂಕೆ ಇಲ್ಲದ್ದು) ಅಂತ ಮೂರೇ ಇದ್ದವು. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಗುಡ್ (ಒಳ್ಳೆಯದು), ಈವಿಲ್ (ಕೆಟ್ಟದ್ದು) ಸೇರಿ ಅವು ಒಂಬತ್ತಾದವು. ಆ ಒಂಬತ್ತಕ್ಕೂ ಆಚೆ ಲೋಕದಲ್ಲಿ ಜಾಗ ಇದೆ. ಲಾಫುಲ್ ಗುಡ್ ಆದವರಿಗೆ ಮೌಂಟ್ ಸೆಲೆಸ್ಟಿಯಾ ಎಂಬ ಏಳು ಹಂತದ ಬೆಟ್ಟ, ಲಾಫುಲ್ ಈವಿಲ್ ಆದವರಿಗೆ ಒಂಬತ್ತು ಹಂತದ ನರಕ, ಕೇಯಾಟಿಕ್ ಈವಿಲ್ ಆದವರಿಗೆ ತಳವೇ ಕಾಣದ ಅಬಿಸ್. ಎರಡನೆಯದು ಫರ್ಗಾಟನ್ ರೆಲ್ಮ್ಸ್ ಎಂಬ ಲೋಕದಲ್ಲಿ ಇರುವಂಥದ್ದು. ಅಲ್ಲಿ ಸತ್ತವರು ಮೊದಲು ಫ್ಯೂಗ್ ಪ್ಲೇನ್‌ಗೆ ಹೋಗಿ ಕಾಯುತ್ತಾರೆ. ಅವರವರ ದೇವರ ದೂತರು ಬಂದು ಕರೆದುಕೊಂಡು ಹೋಗುತ್ತಾರೆ. ಯಾರೂ ಬಾರದವರ ಪಾಲಿಗೆ ಸತ್ತವರ ದೇವರು ಕೆಲೆಂವೋರ್‌ನ ತೀರ್ಪೇ ಗತಿ. ಮೂರನೆಯದು ಎಬೆರಾನ್ ಎಂಬ ಲೋಕ, 2004ರದ್ದು. ಅಲ್ಲಿ ಒಳ್ಳೆಯವನೂ ಕೆಟ್ಟವನೂ ದೊಲುರ್ ಎಂಬ ಒಂದೇ ಸತ್ತವರ ಲೋಕಕ್ಕೆ ಹೋಗಿ, ನೆನಪು ಕಳೆದುಕೊಳ್ಳುತ್ತಾ ನಿಧಾನಕ್ಕೆ ಮಸುಕಾಗುತ್ತಾರೆ. ನನಗೆ ಇದೇ ಜಾಸ್ತಿ ಇಷ್ಟ. ಆಚೆ ಏನೂ ಸಿಗದು ಎಂದು ಗೊತ್ತಿದ್ದೂ ಒಳ್ಳೆಯದು ಮಾಡುವ ಪಾತ್ರವನ್ನು ಆಡುವ ಮಜವೇ ಬೇರೆ.

ಬೀದರ್ ಹತ್ತಿರ ಅಷ್ಟೂರಿಗೆ ಹೋಗಿದ್ದರೆ ನಿಮಗೆ ಇನ್ನೊಂದು ದಾರಿಯೂ ಹೊಳೆಯಬಹುದು. ಬಹಮನಿ ಸುಲ್ತಾನರ ಗೋರಿಗಳ ಸಾಲಿನಲ್ಲಿ ಅಹ್ಮದ್ ಶಾ ವಲಿಯ ಗುಂಬಜ್‌ಗೆ ಹಿಂದೂಗಳೂ ಮುಸ್ಲಿಮರೂ ಬಂದು ನಡೆದುಕೊಳ್ಳುತ್ತಾರೆ. ಅದನ್ನು ನೋಡಿ ಬಂದ ಮೇಲೆ ನನ್ನ ಆಟದಲ್ಲಿ ಒಬ್ಬ ಸತ್ತ ರಾಜನ ಜೀವಕ್ಕೆ ಎರಡು ದೇವರುಗಳ ದೂತರು ಬಂದು ನಿಂತರು. ಇಬ್ಬರದೂ ಹಕ್ಕು ಸರಿಯೇ. ನನ್ನ ಆಟಗಾರರು ಸಾಕ್ಷಿ ಹೇಳಬೇಕಾಯಿತು, ಎರಡು ಸೆಷನ್ ಅದರಲ್ಲೇ ಹೋಯಿತು.

ಇದು ತೀರ್ಮಾನವಾದ ಮೇಲೆ ಅಲೈನ್‌ಮೆಂಟ್ ಬರೆಸಿ. ಒಂಬತ್ತು ಹೆಸರು ಓದಿಸಿ ಒಂದನ್ನು ಆರಿಸು ಅನ್ನಬೇಡಿ, ಒಂದು ಸಂಕಟ ಮುಂದಿಡಿ. ನಾನು ಇಡುವುದು ಇದು: ಬರಗಾಲ. ಊರಿನ ಹಗೇವಿನಲ್ಲಿ ಜೋಳ ತುಂಬಿದೆ, ಮೇಲೆ ರಾಜನ ಮುದ್ರೆ ಇದೆ. ಏನು ಮಾಡ್ತಿ? ರಾತ್ರೋರಾತ್ರಿ ಮುದ್ರೆ ಒಡೆದು ಹಂಚಿದರೆ ಕೇಯಾಟಿಕ್ ಗುಡ್. ಅಪ್ಪಣೆ ತರಲು ಕುದುರೆ ಏರಿ ರಾಜಧಾನಿಗೆ ಓಡಿದರೆ ಲಾಫುಲ್ ಗುಡ್. ಜೋಳ ಕೊಟ್ಟು, ಪತ್ರದಲ್ಲಿ ಒಂದಕ್ಷರ ತಪ್ಪಿಲ್ಲದಂತೆ ಎಲ್ಲರ ಹೊಲ ಬರೆಸಿಕೊಂಡರೆ, ಲಾಫುಲ್ ಈವಿಲ್ ಅಂದ್ರೆ ಅದೇ ನೋಡಿ. ಹೀಗೆ ಕೇಳಿದರೆ ಎರಡು ನಿಮಿಷದಲ್ಲಿ ಅರ್ಥ ಆಗುತ್ತದೆ.

ಈಗ ಬರುತ್ತದೆ ಪ್ರತಿ ಟೇಬಲ್‌ನಲ್ಲೂ ಬರುವ ಪ್ರಶ್ನೆ: "ನರಕ ಖರೇನೇ ಐತಿ ಅಂತ ಎಲ್ಲರಿಗೂ ಗೊತ್ತದ, ಮತ್ತ ಕೆಟ್ಟವ್ರು ಯಾಕ ಕೆಟ್ಟವ್ರಾಗ್ತಾರ?" ಇದಕ್ಕೆ ಉತ್ತರ ಇಲ್ಲದ ಡಿಎಂ (ಆಟ ಆಡಿಸುವವನು) ಕೈಯಲ್ಲಿ ವಿಲನ್ ಸುಮ್ನೆ ಗಹಗಹಿಸಿ ನಗುವ ಬೊಂಬೆ ಆಗುತ್ತಾನೆ. ಕೆಲವರಿಗೆ ನರಕ ಎಂದರೆ ನೌಕರಿ. ಒಂಬತ್ತು ನರಕಗಳಲ್ಲಿ ಹೊಸಬರು ಲೆಮ್ಯೂರ್ ಎಂಬ ಬುದ್ಧಿ ಇಲ್ಲದ ಮಾಂಸದ ಮುದ್ದೆಯಾಗುತ್ತಾರೆ, ಆದರೆ ಮೇಲಿನವರ ಮನಸ್ಸಿಗೆ ಬಂದರೆ ಬಡ್ತಿ ಉಂಟು. ಬಡ್ತಿ ತನಗೆ ಸಿಕ್ಕೇ ಸಿಗುತ್ತದೆ ಅಂತ ಪ್ರತಿಯೊಬ್ಬನೂ ಅಂದುಕೊಂಡಿರುತ್ತಾನೆ, ಅಲ್ವಾ? ಇನ್ನು ಕೆಲವರು ಲೆಕ್ಕ ಕೊಡುವುದನ್ನೇ ತಪ್ಪಿಸಿಕೊಳ್ಳಲು ಓಡುತ್ತಾರೆ. ಲಿಚ್, ಅಂದ್ರೆ ಸತ್ತೂ ಸಾಯದವನು, ಆಗುವ ಮಂತ್ರವಾದಿ ತನ್ನ ಜೀವವನ್ನು ಒಂದು ಡಬ್ಬಿಯಲ್ಲಿ ಬಚ್ಚಿಡುವುದು ಅದಕ್ಕೇ, ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಇಟ್ಟ ನಮ್ಮ ಅಜ್ಜಿ ಕಥೆಯ ರಾಕ್ಷಸನ ಹಾಗೆ.

ಸತ್ತವರನ್ನು ಎಬ್ಬಿಸುವ ಮಂತ್ರಗಳನ್ನೂ ಈ ಕಣ್ಣಿನಿಂದಲೇ ನೋಡಿ. ಐದನೇ ಆವೃತ್ತಿಯಲ್ಲಿ ರೇಸ್ ಡೆಡ್ ಎಂಬ ಮಂತ್ರಕ್ಕೆ 500 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಸತ್ತು 10 ದಿನ ಮೀರಿರಬಾರದು. ಮುಖ್ಯವಾದದ್ದು ಇನ್ನೊಂದು: ಆ ಜೀವಕ್ಕೆ ಬರಲು ಮನಸ್ಸಿರಬೇಕು. ಗೆಳೆಯನ ಪಲಾಡಿನ್ ಸೆಲೆಸ್ಟಿಯಾ ಬೆಟ್ಟದ ಮೊದಲ ಹಂತದಲ್ಲಿ ನೆಮ್ಮದಿಯಾಗಿ ಕೂತಿದ್ದಾನೆ. ಕೆಳಗೆ ಗೆಳೆಯರು ವಜ್ರ ಹಿಡಿದು ಕರೆಯುತ್ತಿದ್ದಾರೆ. ಬರ್ತೀಯಾ? ಇದನ್ನು ಆಟಗಾರನಿಗೇ ಕೇಳಿ, ಉತ್ತರ ಬರುವ ತನಕ ಬಾಯಿ ಬಿಡಬೇಡಿ.

ಒಂದು ಎಚ್ಚರಿಕೆ. ಅಲೈನ್‌ಮೆಂಟನ್ನು ಬೆತ್ತ ಮಾಡಿಕೊಳ್ಳಬೇಡಿ. ಒಮ್ಮೆ ರೋಗ್ (ಕಳ್ಳ-ಚಾಲಾಕಿಯ ಪಾತ್ರ) ಆಡುತ್ತಿದ್ದವನಿಗೆ "ನೀ ಇನ್ನ ಈವಿಲ್" ಅಂತ ಎಲ್ಲರೆದುರು ಹೇಳಿಬಿಟ್ಟೆ, ಅವನು ಶೇಂಗಾ ತಟ್ಟೆ ಸರಿಸಿ ಎದ್ದು ಹೋದ, ಎರಡು ತಿಂಗಳು ಆಟ ನಿಂತಿತು. ಈಗ ಹಾಗೆ ಮಾಡುವುದಿಲ್ಲ. ಯಾರು ಏನು ಮಾಡಿದರು ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದೊಂದು ಸಾಲು ಗೀಚಿಕೊಳ್ಳುತ್ತೇನೆ. ಪಾತ್ರ ಸತ್ತ ದಿನ ಅದನ್ನು ಓದುತ್ತೇನೆ, ಎಲ್ಲಿಗೆ ಹೋಗಬೇಕು ಅಂತ ಟೇಬಲ್ ಸುತ್ತ ಕೂತವರೇ ಹೇಳುತ್ತಾರೆ. ರೋಗ್‌ನ ಪುಟ ಈಗಾಗಲೇ ಎರಡೂ ಬದಿ ತುಂಬಿದೆ, ಅವನಿನ್ನೂ ಸತ್ತಿಲ್ಲ.