ಘಟ್ಟ ಹತ್ತಿ ಬಂದ ಬಂಗುಡೆ: ಆರಿಸುವುದು, ತರುವುದು, ಶುಚಿ ಮಾಡುವುದು

ಗಂಗೊಳ್ಳಿಯ ಮೀನು ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ, ಹೊನ್ನಾವರದ ಮೀನು ಗೇರುಸೊಪ್ಪೆಯ ದಾರಿಯಾಗಿ ಸಾಗರಕ್ಕೆ ಬರುವಾಗ ಮಂಜುಗಡ್ಡೆಯ ನಡುವೆಯೇ ಇರುತ್ತದೆ. ಅಲ್ಲಿಯವರೆಗೆ ಚೆನ್ನಾಗಿದ್ದ ಮೀನನ್ನು ಅಂಗಡಿಯಿಂದ ಒಲೆಯವರೆಗಿನ ಅಲ್ಪ ದಾರಿಯಲ್ಲಿ ನಾವೇ ಕೆಡಿಸುತ್ತೇವೆ. ಮೀನಿನ ಚೀಲವನ್ನು ಸ್ಕೂಟರಿನ ಹಿಡಿಗೆ ತೂಗುಹಾಕಿಕೊಂಡು, ತರಕಾರಿ, ದಿನಸಿಯನ್ನೆಲ್ಲ ಮುಗಿಸಿ ಮಧ್ಯಾಹ್ನ ಮನೆ ಸೇರುವವರನ್ನು ಶಿವಮೊಗ್ಗದಲ್ಲಿ ಪ್ರತಿ ಭಾನುವಾರ ಕಾಣುತ್ತೇನೆ.

ಮೊದಲನೆಯದು ಆಯ್ಕೆ. ಕಣ್ಣು ಹೊಳೆಯುತ್ತಿದೆಯೇ ಎಂದಷ್ಟೇ ನೋಡಿ ಕೊಳ್ಳುವವರು ಬಹಳ. ಆದರೆ ಮಂಜುಗಡ್ಡೆ ತಾಗಿದ ಒಳ್ಳೆಯ ಮೀನಿನ ಕಣ್ಣೂ ಮಬ್ಬಾಗಬಹುದಾದ್ದರಿಂದ ಅದೊಂದನ್ನೇ ನಂಬಬಾರದು. ಕಿವಿರಿನ ಮುಚ್ಚಳವನ್ನು ನೀವೇ ಎತ್ತಿ ನೋಡಿ: ಒಳಗೆ ಕೆಂಪು ಬಣ್ಣವೂ ತಿಳಿಯಾದ ತೆಳು ಲೋಳೆಯೂ ಇದ್ದರೆ ಮೀನು ತಾಜಾ, ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ ಹಳತು. ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಒತ್ತಿದಾಗ ಬಿದ್ದ ಗುಳಿ ಕೂಡಲೇ ಮೇಲೇಳಬೇಕು. ಹೊಟ್ಟೆಯನ್ನಂತೂ ತಪ್ಪದೆ ನೋಡಿ. ಬಂಗುಡೆ, ಬೂತಾಯಿಗಳು ಮೇವು ತುಂಬಿದ ಹೊಟ್ಟೆಯಲ್ಲೇ ಬಲೆಗೆ ಬಿದ್ದರೆ ಅವುಗಳ ಜೀರ್ಣರಸವೇ ಹೊಟ್ಟೆಯ ಗೋಡೆಯನ್ನು ಕರಗಿಸುವುದರಿಂದ, ಉಳಿದ ಭಾಗ ಗಟ್ಟಿಯಾಗಿದ್ದರೂ ಹೊಟ್ಟೆ ಬೇಗ ಒಡೆಯುತ್ತದೆ. ಹೊಟ್ಟೆ ಒಡೆದದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ.

ಕೊಂಡ ಮೇಲೆ ತಂಪು ತಪ್ಪಬಾರದು. ಬಂಗುಡೆ, ಸೂರೆ (ಟ್ಯೂನಾ) ಮುಂತಾದ ಮೀನುಗಳು ಬೆಚ್ಚಗಾದರೆ ಅವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ಮುಖ ಕೆಂಪೇರುವುದು, ತುರಿಕೆ, ತಲೆನೋವು ಅದರ ಲಕ್ಷಣಗಳು. ಎಷ್ಟು ಕುದಿಸಿದರೂ ಅದು ನಾಶವಾಗುವುದಿಲ್ಲ, ಹುಳಿ-ಖಾರ ಹೆಚ್ಚಿಸಿದರೂ ಹೋಗುವುದಿಲ್ಲ. ಆದ್ದರಿಂದ ಮುಚ್ಚಳವಿರುವ ಡಬ್ಬಿಯೊಂದನ್ನು ಮನೆಯಿಂದಲೇ ಒಯ್ದು, ಮೀನಿನಷ್ಟೇ ತೂಕದ ಮಂಜುಗಡ್ಡೆಯನ್ನು ಕೇಳಿ ಹಾಕಿಸಿಕೊಳ್ಳಿ, ಮತ್ತು ಮೀನನ್ನು ಪೇಟೆಯ ಕೊನೆಯ ಕೆಲಸವಾಗಿ ಕೊಳ್ಳಿ.

ಶುಚಿ ಮಾಡುವುದು ಸುಲಭ: ರೆಕ್ಕೆ ಕತ್ತರಿಸಿ, ಕಿವಿರು ಮತ್ತು ಕರುಳನ್ನು ತೆಗೆಯಿರಿ. ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನೂ ಬೆನ್ನುಮೂಳೆಗೆ ಅಂಟಿದ ರಕ್ತವನ್ನೂ ಬೆರಳಿನಿಂದ ಉಜ್ಜಿ ತೆಗೆಯದಿದ್ದರೆ ಸಾರು ಕಹಿಯಾಗುತ್ತದೆ. ಇಡೀ ಮೀನನ್ನು ತೊಳೆದು ಆಮೇಲೆ ತುಂಡು ಮಾಡಿ. ತುಂಡುಗಳನ್ನು ನೀರಿನಲ್ಲಿ ನೆನೆಹಾಕಿದರೆ ರುಚಿಯೆಲ್ಲ ನೀರಿಗೆ ಹೋಗುತ್ತದೆ. ಅಂಗಡಿಯವರಿಂದಲೇ ಕತ್ತರಿಸಿಕೊಂಡು ಬರುವ ಸುಲಭದ ದಾರಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒಂದೇ ಬಕೆಟ್ಟಿನ ನೀರಿನಲ್ಲಿ ಎಲ್ಲರ ಮೀನೂ ಮುಳುಗೇಳುತ್ತದೆ. ಬಣ್ಣ ಬೆರೆಸಿದ ಸಿದ್ಧ ಮಸಾಲೆ ಪುಡಿಯೂ ಬೇಡ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ತೆಂಗಿನಕಾಯಿಯನ್ನು ನುಣ್ಣಗೆ ರುಬ್ಬಿ, ಹುಣಸೆಯ ಬದಲು ವಾಟೆಹುಳಿ ಹಾಕಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮಾರುಕಟ್ಟೆಯಲ್ಲಿ ಕಾಣುವ ಬಂಗುಡೆಯಲ್ಲಿ ಬಹುಪಾಲು ದೂರದಿಂದಲೋ ಶೀತಲಗೃಹದಿಂದಲೋ ಬಂದಿರುವುದರಿಂದ, ಆ 61 ದಿನ ಕೆರೆಯ ಕಾಟ್ಲಾ ಅಥವಾ ರೋಹುವನ್ನೇ ಕೊಳ್ಳಿ. ಕಿವಿರಿನ ಪರೀಕ್ಷೆ ಅವಕ್ಕೂ ಅನ್ವಯಿಸುತ್ತದೆ.